ಸಣ್ಣವುಗಳ ಉಪವಾಸ

ಹುಬ್ಬಳ್ಳಿಯಲ್ಲಿ ಧಾರವಾಡದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ದ್ರಾಕ್ಷಾಯಿಣಿ ಎಂದಿನಂತೆ ಮೈಯನ್ನು ಒಳಕ್ಕೆ ಎಳೆದುಕೊಂಡಳು. ಎಳೆದುಕೊಂಡರೆ ಹೋಗುವ ಮೈಯಲ್ಲ ಅದು; ಆದರೂ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಿದೆಯೆಂದು ತೋರಿಸುವುದಕ್ಕಾದರೂ ಹಾಗೆ ಮಾಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಬಿಳಿ ಟೊಪ್ಪಿಗೆಯ ಮುದುಕನೊಬ್ಬ ಬಂದು, ಉಳಿದ ಜಾಗವನ್ನು ಕಣ್ಣಿನಲ್ಲೇ ಅಳೆದು, ಬೇಡವೆಂದು ಕಂಬಿ ಹಿಡಿದು ನಿಂತ. 'ಅಕ್ಕಾರ, ಒಂಚೂರು ಸರೀರಿ, ಇಬ್ಬರ ಸೀಟು ಅದು' ಎಂದ ಕಂಡಕ್ಟರ್. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಸರಿದಳು, ಅಂದರೆ ಸರಿದಂತೆ ಮಾಡಿದಳು. ಮಡಿಲಲ್ಲಿದ್ದ ಮೋಸಂಬಿಯ ಚೀಲ ಜಾರಿತು. 'ಎಲ್ಲಿಗ್ರಿ?' ಎಂದು ಕಂಡಕ್ಟರ್ ಕೇಳಿದಾಗ ಆರು ವರ್ಷದ ರೂಢಿಯಂತೆ ಬಾಯಿ 'ಧಾರವಾಡ' ಎನ್ನಲು ಹೊರಟಿತ್ತು. 'ಲಕಮನಹಳ್ಳಿ' ಎಂದಳು. ಹೇಳಿದ ಮೇಲೆ ಇನ್ನು ಇಳಿಯದೆ ಗತ್ಯಂತರವಿರಲಿಲ್ಲ. ಇಳಿದು, ಹುಚ್ಚಪ್ಪನ ಮನೆಗೆ ಹೋಗಿ, ಅವನೆದುರು ಕೂತು ಒಂದು ಮಾತು ಹೇಳಬೇಕು. 'ನೀನು ಕುಡಿದು ಬರುತ್ತೀ ಎಂದು ಸರ್ ಹತ್ತಿರ ಸುಳ್ಳು ಹೇಳಿದವಳು ನಾನು.' ಅಷ್ಟೇ. ಆ ಮಾತನ್ನು ಬೆಳಗಿನಿಂದ ಹತ್ತಾರು ಸಲ ಬಾಯೊಳಗೇ ಹೇಳಿ ನೋಡಿದ್ದಳು. ಪ್ರತಿ ಸಲವೂ ಅದು ಬೇರೆ ಯಾರದೋ ತಪ್ಪಿನಂತೆ ಕೇಳಿಸುತ್ತಿತ್ತು.

ಹುಬ್ಬಳ್ಳಿಯಲ್ಲಿ ಅವಳು ಪಾಠ ಮಾಡುವ ಕಾಲೇಜಿನ ಬೆಳಗಿನ ತರಗತಿಯಲ್ಲೂ ಹೀಗೇ ನಗೆ ಎದ್ದಿತ್ತು. ಎರಡನೆಯ ವರ್ಷದ ಹುಡುಗರಿಗೆ ಮೈಯ ಗಾತ್ರ ಮತ್ತು ಶಕ್ತಿಯ ಪಾಠ. ಇಲಿಯ ಹಸಿವು ದೊಡ್ಡದೋ ಆನೆಯ ಹಸಿವು ದೊಡ್ಡದೋ ಎಂದು ಕೇಳಿದ್ದೇ ತಡ, ಹಿಂದಿನ ಬೆಂಚಿನವರು ಒಬ್ಬರನ್ನೊಬ್ಬರು ನೋಡಿ, ಆಮೇಲೆ ಅವಳನ್ನು ನೋಡಿ, ತಲೆ ತಗ್ಗಿಸಿ ನಕ್ಕರು. ಈ ಪಾಠದಲ್ಲಿ ಪ್ರತಿ ವರ್ಷವೂ ಬರುವ ನಗೆ ಅದು, ಹಬ್ಬ ಬಂದಂತೆ ಬರುತ್ತದೆ. ಅವಳು ಬೋರ್ಡಿನತ್ತ ತಿರುಗಿ ಗೆರೆ ಎಳೆದಳು. ಮೈ ಸಣ್ಣದಾದಷ್ಟೂ ಗ್ರಾಮಿನ ಲೆಕ್ಕದಲ್ಲಿ ಪ್ರಾಣವಾಯುವಿನ ಖರ್ಚು ಹೆಚ್ಚು. ಸಣ್ಣದು ಬೇಗ ಉರಿಯುತ್ತದೆ, ದೊಡ್ಡದು ನಿಧಾನ. ಓಡುವಾಗಲೂ ಅಷ್ಟೇ, ಒಂದು ಮಾರು ದೂರ ದಾಟಲು ಮರಿಯ ಒಂದೊಂದು ಗ್ರಾಮೂ ದೊಡ್ಡದರ ಗ್ರಾಮಿಗಿಂತ ಹೆಚ್ಚು ದುಡಿಯಬೇಕು. ಪುಸ್ತಕದಲ್ಲಿರುವ ಗೆರೆ ಮೆಲ್ಲಗೆ ಇಳಿಯುತ್ತದೆ. ಅವಳ ಕೈ ಎಳೆಯುವುದು ಮಾತ್ರ ಯಾವಾಗಲೂ ತನ್ನದೇ ಗೆರೆಯನ್ನು, ಕಡಿದಾಗಿ, ಭಾವಿಯ ಮೆಟ್ಟಿಲಿನಂತೆ ಇಳಿಯುವ ಗೆರೆಯನ್ನು. 'ಮ್ಯಾಡಂ, ಪುಸ್ತಕದಾಗ ಇಷ್ಟ ಇಳದಿಲ್ರಿ' ಎಂದ ಮುಂದಿನ ಬೆಂಚಿನ ಹುಡುಗ. ಅವಳು ಸೆರಗಿನಿಂದಲೇ ಒರೆಸಿದಳು. ಡಸ್ಟರ್ ಕೈಗೆಟಕುವಲ್ಲೇ ಇತ್ತು.

ಆ ಗೆರೆಗಾಗಿ ಅವಳು ಧಾರವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ಮೂರು ವರ್ಷ ಓತಿಕ್ಯಾತಗಳನ್ನು ನಡೆಸಿದ್ದಳು. ತೊಂಬತ್ನಾಲ್ಕರಿಂದ ತೊಂಬತ್ತೇಳು. ಹೊಲಿಗೆ ಯಂತ್ರದ ಮೋಟಾರಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ, ಅದರ ಮೇಲೊಂದು ಗಾಜಿನ ಪೆಟ್ಟಿಗೆ ಕೂರಿಸಿ, ಓತಿಕ್ಯಾತ ಇದ್ದಲ್ಲೇ ನಡೆಯುವಂತೆ ಮಾಡಿಕೊಟ್ಟವನು ಹುಚ್ಚಪ್ಪ. ಕೇಂದ್ರದ ದಿನಗೂಲಿ ಆಳು. ಕಡ್ಡಿಯಂಥ ಮೈ, ಕಾಲಲ್ಲಿ ಚಕ್ರ. ಜೋಳದ ದಂಟಿನ ತುದಿಗೆ ದಾರದ ಕುಣಿಕೆ ಕಟ್ಟಿಕೊಂಡು ಲಕಮನಹಳ್ಳಿಯ ಬೇಲಿಗುಂಟ ಹೊರಟನೆಂದರೆ ಹೊತ್ತೇರುವುದರೊಳಗೆ ಚೀಲದಲ್ಲಿ ಹತ್ತು ಓತಿಕ್ಯಾತ. ಕುಣಿಕೆ ಕೊರಳಿಗೆ ಬೀಳುವ ಮೊದಲು ಮೆಲ್ಲಗೆ ಸಿಳ್ಳು ಹಾಕುತ್ತಿದ್ದ; ಅದು ತಲೆಯೆತ್ತಿ ಕೇಳುತ್ತ ನಿಲ್ಲುತ್ತದೆ ಎನ್ನುತ್ತಿದ್ದ. ನಾಲ್ಕು ಗ್ರಾಮಿನ ಮರಿಯಿಂದ ನಲವತ್ತು ಗ್ರಾಮಿನ ಗಂಡಿನವರೆಗೆ ಎಲ್ಲವನ್ನೂ ತೂಗಿ, ಮೂರು ದಿನ ಉಪವಾಸ ಕೆಡವಿ, ಆಮೇಲೆ ನಡೆಸುವುದು. ಹೊಟ್ಟೆಯಲ್ಲಿ ಕೂಳಿದ್ದರೆ ಅದನ್ನು ಅರಗಿಸುವುದಕ್ಕೇ ಪ್ರಾಣವಾಯು ಖರ್ಚಾಗಿ ನಡಿಗೆಯ ಲೆಕ್ಕವೆಲ್ಲ ಕೆಡುತ್ತದೆ. ನಿಂತುಬಿಟ್ಟ ಓತಿಕ್ಯಾತದ ಬಾಲಕ್ಕೆ ಬಣ್ಣದ ಕುಂಚ ತಾಗಿಸಿ 'ನಡಿಯೋ ತಮ್ಮಾ, ಅಕ್ಕಾರ ಪರೀಕ್ಷಾ ಐತಿ' ಎನ್ನುವವನೂ ಹುಚ್ಚಪ್ಪನೇ. ಎರಡನೆಯ ಮಹಡಿಗೆ ಏದುಸಿರು ಬಿಡುತ್ತ ಹತ್ತಿ ಬಂದ ಅವಳಿಗೆ ಸ್ಟೂಲು ಸರಿಸಿಕೊಟ್ಟು, ಅವಳ ಉಸಿರು ಹದಕ್ಕೆ ಬರುವ ತನಕ ಕಿಟಕಿಯಾಚೆ ನೋಡುತ್ತ ನಿಲ್ಲುವವನೂ ಅವನೇ. ಹಾಗೆ ಆಚೆ ನೋಡುವ ಸೌಜನ್ಯ ಆ ಕಟ್ಟಡದಲ್ಲಿ ಇನ್ನೊಬ್ಬರಿಗಿರಲಿಲ್ಲ.

ಎಂಟು ದಿನದ ಹಿಂದೆ, ಆ ಕೇಂದ್ರದಲ್ಲಿ ಕಸ ಹೊಡೆಯುತ್ತಿದ್ದ ಯಂಕವ್ವ ಧಾರವಾಡದ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದಳು. ಪಲ್ಲೆ ಆರಿಸುತ್ತ ಆರಿಸುತ್ತಲೇ 'ಹುಚ್ಚಪ್ಪ ಹಾಸಿಗಿ ಹಿಡದಾನ್ರಿ. ಈ ಬ್ಯಾಸಗಿ ದಾಟೂದು ಖರೇ ಇಲ್ಲ' ಎಂದುಬಿಟ್ಟಳು. ದ್ರಾಕ್ಷಾಯಿಣಿ ಮೆಂತೆಯ ಸೂಡು ಹಿಡಿದು ನಿಂತೇ ಇದ್ದಳು. ಅಂದಿನಿಂದ ದಿನವೂ ಎರಡು ಹೊತ್ತು ಬಸ್ಸು ಲಕಮನಹಳ್ಳಿಯಲ್ಲಿ ನಿಂತು ಹೊರಡುವಾಗ ಅವಳು ಚೀಲದೊಳಗೆ ಕೈಹಾಕಿ ಏನನ್ನೋ ಹುಡುಕುತ್ತ ತಲೆ ತಗ್ಗಿಸಿಕೊಂಡಿದ್ದಳು. ಅಂದಿನಿಂದ ಎನ್ನುವುದೂ ಸುಳ್ಳೇ. ಆರು ವರ್ಷದಿಂದ ಅದೇ ಚೀಲ, ಅದೇ ಹುಡುಕಾಟ.

ಬಸ್ಸು ನಿಂತಿತು. ಟೊಪ್ಪಿಗೆಯ ಮುದುಕ ಜಾಗ ಬಿಟ್ಟು ಸರಿದ. ಅವಳು ಇಳಿದಳು.

ಮಾರ್ಚ್ ತಿಂಗಳ ಬಿಸಿಲು. ಕಾರ್ಖಾನೆಗಳ ಗೋಡೆಗುಂಟ ನೆರಳಿಲ್ಲದ ದಾರಿ. ನೂರು ಹೆಜ್ಜೆ ನಡೆಯುವುದರೊಳಗೆ ತೊಡೆಗಳು ಉಜ್ಜಿ ಉರಿಯತೊಡಗಿದವು. ಗೋಡೆಯ ಮೇಲೊಂದು ಓತಿಕ್ಯಾತ, ಕೊರಳು ಕೆಂಪಗೆ, ತಲೆ ಮೇಲೆ ಕೆಳಗೆ ಆಡಿಸುತ್ತ ಅವಳನ್ನೇ ನೋಡಿತು. ಮೂವತ್ತೈದು ಗ್ರಾಮಿದ್ದೀತು, ಗಂಡು, ಎಂದು ಮನಸ್ಸು ತಾನಾಗಿ ಬರೆದುಕೊಂಡಿತು. ಇಂಥವು ಮೂರು ದಿನ ಕೂಳಿಲ್ಲದಿದ್ದರೂ ಕಿಮಕ್ಕೆನ್ನದೆ ಕೂರುತ್ತಿದ್ದವು. ಪಂಜರದ ತಳದ ಕಾಗದ ಮೊದಲ ದಿನ ಕೊಳೆಯಾಗುತ್ತಿತ್ತು, ಆಮೇಲೆ ಸ್ವಚ್ಛ. ಉಪವಾಸದ ಪ್ರಾಣಿ ಹಿಕ್ಕೆ ಎಲ್ಲಿಂದ ಹಾಕೀತು? ಹಾಗಿರುವಾಗ ಆರು ವರ್ಷದ ಹಿಂದೆ ಒಂದು ದಿನ, ಪಿಎಚ್.ಡಿ. ಪ್ರಬಂಧದ ಆರು ಅಧ್ಯಾಯಗಳಲ್ಲಿ ನಾಲ್ಕು ಟೈಪಾಗಿ ಬಂದ ಮೇಲೆ, ಮೂರನೆಯ ದಿನದ ಮರಿಗಳ ಪಂಜರದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಒಂದು ಹಸಿ ಹಿಕ್ಕೆ ಕಂಡಿತು. ಸೂಜಿಯಿಂದ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗೆದ್ದಲಿನ ತಲೆಗಳು. ಒಂದು, ಎರಡು, ಏಳು. ಪಕ್ಕದ ಪಂಜರದಲ್ಲೂ ಇದ್ದವು. ದೊಡ್ಡವುಗಳ ಪಂಜರದಲ್ಲಿ ಮಾತ್ರ ಏನೂ ಇರಲಿಲ್ಲ.

ಹುಚ್ಚಪ್ಪ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಾದರೂ ಇದೆಯೆಂದೇ ಅವನಿಗೆ ಅನಿಸಿರಲಿಲ್ಲ. ಅಂಗಿಯ ಕಿಸೆಯಿಂದ ಬೆಂಕಿಪೆಟ್ಟಿಗೆ ತೆಗೆದು ತೋರಿಸಿದ. ಒಳಗೆ ಗೆದ್ದಲು ಹರಿದಾಡುತ್ತಿದ್ದವು. 'ಸಣ್ಣವು ತಡಿಯಾಂಗಿಲ್ರಿ ಅಕ್ಕಾರ. ದೊಡ್ಡವು ಮೂರು ದಿನ ಸುಮ್ನ ಕುಂದರ್ತಾವ. ಸಣ್ಣವು ಎರಡನೇ ದಿನಕ್ಕ ಕಣ್ಣು ಮುಚ್ಚಿ ಬಿಡತಾವ. ಮನ್ಯಾಗ ನಾವು ಸೋಮವಾರ ಹಿಡೀತೇವಿ, ಹುಡುಗರಿಗೆ ಯಾರರ ಉಪವಾಸ ಹಾಕ್ತಾರೇನ್ರಿ? ಎರಡೆರಡ ಹುಳಾ, ಜೀವ ಹಿಡಿಯಾಕ.' ಎಷ್ಟು ದಿನದಿಂದ ಎಂದು ಅವಳು ಕೇಳಿದಳು. 'ಮೊದಲಿನಿಂದಾನೂ ರೀ' ಎಂದು ನಕ್ಕ. ಮೂರು ವರ್ಷ ಅವಳು ಯಂತ್ರವಿಟ್ಟು ಅಳೆದು ತೆಗೆದ ಮಾತನ್ನು, ಸಣ್ಣದು ಬೇಗ ಸೋಲುತ್ತದೆ ಎಂಬುದನ್ನು, ಅವನು ಮೊದಲ ವಾರದಲ್ಲೇ ಕಣ್ಣಿನಿಂದ ನೋಡಿ ತಿಳಿದು, ಅದಕ್ಕೆ ಮದ್ದನ್ನೂ ಮಾಡಿದ್ದ. ಆ ಮದ್ದಿನಿಂದಲೇ ಮರಿಗಳ ಪ್ರಾಣವಾಯುವಿನ ಲೆಕ್ಕ ಏರಿತ್ತು. ಗೆರೆ ಕಡಿದಾಗಿದ್ದುದು ಅದರಿಂದ. ಅವಳ ಮಾರ್ಗದರ್ಶಕರಾದ ತ್ರ್ಯಂಬಕ ಸರ್, 'ಇಷ್ಟು ಚಂದದ ಇಳಿಜಾರು ಯಾರಿಗೂ ಬಂದಿಲ್ಲ ನೋಡವಾ' ಎಂದು ಹೊರದೇಶದ ಪತ್ರಿಕೆಗೆ ಆಗಲೇ ಕಳಿಸಿಯೂ ಇದ್ದರು.

ಆ ವಾರ ಅವಳಿಗೆ ಊಟ ಸೇರಲಿಲ್ಲ. ಇಷ್ಟು ದೊಡ್ಡ ಮೈ ಹೊತ್ತವಳು ಊಟ ಬಿಟ್ಟರೆ ಯಾರಿಗೆ ತಿಳಿಯಬೇಕು! ಸತ್ಯ ಹೇಳಿದರೆ ಮೂರು ವರ್ಷ ಮಣ್ಣುಪಾಲು. ಮೂವತ್ತೊಂದು ವಯಸ್ಸು. ಹೆಣ್ಣು ನೋಡಲು ಬಂದವರೆಲ್ಲ ಅವಲಕ್ಕಿ ತಿಂದು, ಬಾಗಿಲಲ್ಲಿ ಅವಳು ಬರುವುದನ್ನು ನೋಡಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದ ಮನೆಯಲ್ಲಿ 'ಡಾಕ್ಟರ್' ಎಂಬ ಒಂದು ಮಾತೇ ಅವಳಿಗೆ ತಲೆಯೆತ್ತುವ ದಾರಿ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಹುಚ್ಚಪ್ಪ ಸುಮ್ಮನಿರುವವನಲ್ಲ. ಬೆಂಕಿಪೆಟ್ಟಿಗೆಯ ವಿಷಯವನ್ನು ಇವತ್ತಲ್ಲ ನಾಳೆ ಸರ್ ಎದುರಿಗೂ ಹೀಗೇ ನಗುತ್ತ ಹೇಳಿಬಿಡುತ್ತಾನೆ. ಶನಿವಾರ ಅವಳು ಸರ್ ಕೋಣೆಗೆ ಹೋದಳು. 'ಹುಚ್ಚಪ್ಪ ಕುಡದು ಬರತಾನ್ರಿ ಸರ್' ಎಂದಳು. ಅಷ್ಟೇ ಸಾಕಿತ್ತು. ಆದರೂ ಇನ್ನೊಂದು ಮಾತು ಸೇರಿಸಿದಳು, 'ಒಬ್ಬಾಕಿನ ಇರಾಕ ಅಂಜಿಕಿ ಬರತೈತಿ.' ಆ ಎರಡನೆಯ ಮಾತು ಯಾಕೆ ಬಂತೆಂದು ಇವತ್ತಿಗೂ ಅವಳಿಗೆ ಗೊತ್ತಿಲ್ಲ. ತನ್ನನ್ನು ನೋಡಿ ಯಾರೂ ಹಾಗೆ ಹತ್ತಿರ ಬರುವುದಿಲ್ಲವೆಂದು ಗೊತ್ತಿದ್ದುದರಿಂದಲೇ ಬಂತೇನೋ. ಸರ್ ಎರಡನೆಯ ಪ್ರಶ್ನೆ ಕೇಳಲಿಲ್ಲ. ಹುಚ್ಚಪ್ಪನಂಥವರ ಬಗ್ಗೆ ಅಂಥ ಮಾತು ಬಂದರೆ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಎನ್ನುತ್ತಾರಲ್ಲ, ಹಾಗೆ, ಅವಳ ಮಾತಿಗೆ ಸರ್ ತಲೆಯಾಡಿಸಿದರು, ಸರ್ ಪತ್ರಿಕೆಗೆ ಕಳಿಸಿದ ಲೇಖನಕ್ಕೆ ಅವಳ ಗೆರೆ ಸಾಕ್ಷಿಯಾಯಿತು.

ಸೋಮವಾರ ಗೇಟಿನ ಹತ್ತಿರ ಹುಚ್ಚಪ್ಪ ನಿಂತಿದ್ದ. ಒಳಗೆ ಬಿಟ್ಟಿರಲಿಲ್ಲ. 'ಯಾರೋ ಚಾಡಿ ಹೇಳ್ಯಾರ್ರಿ ಅಕ್ಕಾರ. ನೀವು ಕಲತವರು, ಸರ್ ಮುಂದ ಒಂದು ಮಾತು ಹೇಳ್ರಿ' ಎಂದ. ಅವಳು ನಿಂತು, ಕಣ್ಣಲ್ಲಿ ಕಣ್ಣಿಟ್ಟು, 'ಹೇಳ್ತೇನಿ' ಎಂದಳು. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಮೇಲೆ ಹೋಗಿ ಪಂಜರಗಳ ಎದುರು ಕೂತಾಗ ಮರಿಗಳಿಗೆ ಅದು ಉಪವಾಸದ ಎರಡನೆಯ ದಿನ. ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು.

ಮನೆ ಸಿಕ್ಕಿತು. ತಗಡಿನ ಮಾಡಿನ ಒಂದು ಕೋಣೆ, ಹೊರಗೆ ಬೇವಿನ ನೆರಳು. ನೆರಳಿನಲ್ಲಿ ಹೆಂಗಸೊಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹುಚ್ಚಪ್ಪನ ಹೆಂಡತಿ ದುರಗವ್ವ. ಹೆಸರು ಹೇಳಿದ್ದೇ ತಡ, ದುರಗವ್ವ ಮೊರ ಬಿಟ್ಟು ಎದ್ದಳು. 'ಅಯ್ಯ ನಮ್ಮವ್ವ, ನೀವ ಏನ್ರಿ ದ್ರಾಕ್ಷಾಯಿಣಿ ಅಕ್ಕಾರು? ಬರ್ರಿ, ಒಳಗ ಬರ್ರಿ' ಎಂದು ಕೈ ಹಿಡಿದೇ ಕರೆದೊಯ್ದಳು. ಆ ಆದರಕ್ಕೆ ದ್ರಾಕ್ಷಾಯಿಣಿ ಸಿದ್ಧಳಾಗಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಒಳಗೆ ಗೋಡೆಗೆ ಒರಗಿ ಕೂತಿದ್ದವನನ್ನು ಮೊದಲು ಅವಳು ಗುರುತಿಸಲೇ ಇಲ್ಲ. ಕೈಕಾಲು ಅದೇ ಕಡ್ಡಿ. ಆದರೆ ಹೊಟ್ಟೆ ನೀರು ತುಂಬಿ ಉಬ್ಬಿ, ಚರ್ಮ ಮಿರುಗಿ, ತೊಡೆಯ ಮೇಲೆ ಕೂತಿತ್ತು. ಕಣ್ಣು ಅರಿಸಿನ. ಅವಳು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು, ಅವನೂ ಬಿಡುತ್ತಿದ್ದ. ಸ್ವಲ್ಪ ಹೊತ್ತು ಕೋಣೆಯಲ್ಲಿ ಅದೊಂದೇ ಸದ್ದು. ಆಮೇಲೆ ಹುಚ್ಚಪ್ಪ, ಹಿಂದಿನಂತೆಯೇ, ಅವಳ ಉಸಿರು ಹದಕ್ಕೆ ಬರಲೆಂದು ಕಿಟಕಿಯ ಕಡೆ ಮುಖ ತಿರುಗಿಸಿದ.

'ನೋಡ್ರಿ ಅಕ್ಕಾರ, ನಾನೂ ನಲವತ್ತು ಗ್ರಾಮಿನ ಓತಿಕ್ಯಾತ ಆಗೇನಿ' ಎಂದ ಕೊನೆಗೆ. 'ತಿನ್ನಾಂಗಿಲ್ಲ, ಓಡಾಂಗಿಲ್ಲ. ಕುಂತ್ರ ಕುಂತಂಗ. ನೀವು ಕುಂಚಾ ತಗೊಂಡು ಬಂದ್ರೂ ನಡಿಯಾಂವಲ್ಲ.' ನಗಲು ಹೋಗಿ ಕೆಮ್ಮಿದ. ಉಪ್ಪು ಬಂದ್, ನೀರು ಎರಡೇ ಲೋಟ. ಮೋಸಂಬಿ ನೋಡಿ 'ಭಾಗ್ಯಾ ತಿಂತಾಳ' ಎಂದ. ಮಗಳು ಭಾಗ್ಯಾ ಎಂಟನೆಯ ತರಗತಿ, ಶಾಲೆಗೆ ಹೋಗಿದ್ದಳು. ದ್ರಾಕ್ಷಾಯಿಣಿ ಕೂತಳು. ಈಗ ಹೇಳಬೇಕು. 'ಹುಚ್ಚಪ್ಪಾ' ಎಂದಳು. 'ಆಂ?' ಎಂದ. ಆಂ ಎನ್ನುವುದರೊಳಗೇ ಅವನ ಕಣ್ಣು ಮುಚ್ಚಿತು. ಬಾಯಿ ಸ್ವಲ್ಪ ತೆರೆದು ನಿದ್ದೆ ಹೋದ.

'ಹಿಂಗರಿ. ಮಾತಾಡತಾ ಆಡತಾ ಜಾರಿಬಿಡತಾನ' ಎಂದು ದುರಗವ್ವ ಅವಳನ್ನು ಹೊರಗಿನ ನೆರಳಿಗೆ ಕರೆದುಕೊಂಡು ಬಂದಳು. ಕರಿ ಚಹಾ ಕೊಟ್ಟು ಮೊರ ತೆಗೆದುಕೊಂಡಳು. 'ಲಿವರ್ ಹೋಗೇತಂತ. ಕುಡದು ಕುಡದು.' ಲೋಟ ದ್ರಾಕ್ಷಾಯಿಣಿಯ ಕೈಯಲ್ಲೇ ನಿಂತಿತು. 'ಕುಡೀತಿದ್ನೇನು?' ಎಂದಳು. 'ಆವಾಗಲ್ರಿ. ಮದುವಿ ಆಗಿ ಹತ್ತು ವರ್ಷ ಅದರ ವಾಸನಿ ಸೈತ ನೋಡಾಂವಲ್ಲ. ಕುಡಕ ಅಂತ ಹೆಸರ ಹೊತಗೊಂಡ ಮನಿಗೆ ಬಂದ. ಇಲ್ಲೇ ಧಾರವಾಡದ ಬಾಜೂ ಬೇಲೂರು ಕಡೆ ಫ್ಯಾಕ್ಟರಿಗೆ ಕೇಳಾಕ ಹೋದ್ರ, ಅವರು ಹಳೇ ಜಾಗಾದಾಗ ವಿಚಾರಿಸ್ತಿದ್ರು. ಕುಡಿತಾನ, ಹೆಣಮಕ್ಕಳ ಇದ್ದಲ್ಲಿ ಬ್ಯಾಡ ಅಂತಿದ್ರಂತ. ಎರಡು ಕಡೆ ಹಿಂಗಾತು. ಮೂರನೇ ಸಲ ಕುಡದ ಬಂದ. ಯಾಕೋ ಅಂದೆ. ಕುಡೀಲಾರದ ಅನಿಸಿಕೊಳ್ಳೂದಕ್ಕಿಂತ ಕುಡದು ಅನಿಸಿಕೊಂಡ್ರ ಹೊಟ್ಟಿ ಉರಿ ಕಮ್ಮಿ ಅಂದ.' ದುರಗವ್ವ ಮೊರ ಕೇರಿದಳು. ಹೊಟ್ಟು ಗಾಳಿಗೆ ಹಾರಿತು. ಸುಳ್ಳನ್ನು ಹೇಳಿ ಅದು ಅಲ್ಲಿಗೇ ಮುಗಿಯಿತೆಂದು ತಿಳಿದಿದ್ದ ದ್ರಾಕ್ಷಾಯಿಣಿಗೆ, ಈ ಆರು ವರ್ಷ ಅದು ಇಲ್ಲೇ, ಬಸ್ಸಿನ ದಾರಿಯ ಪಕ್ಕದಲ್ಲೇ ತಿಂದುಂಡು ಬೆಳೆದು ನಿಜವಾಗಿತ್ತೆಂದು ಈಗ ತಿಳಿಯಿತು.

'ಹಂಗ ಹೇಳಿದಾಕಿ ನಾನ' ಎಂದಳು.

ಮೊರ ನಿಂತಿತು. ದುರಗವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅವಸರವಿಲ್ಲದೆ. ಬಸ್ಸಿನವರು, ಹುಡುಗರು, ವರನ ಕಡೆಯವರು ನೋಡುತ್ತಿದ್ದ ನೋಟವಲ್ಲ ಅದು. ಇವಳು ಮೈ ನೋಡುತ್ತಿರಲಿಲ್ಲ. 'ಯಾಕ?' ಎಂದಳು. ದ್ರಾಕ್ಷಾಯಿಣಿ ಮರಿಗಳು, ಗೆದ್ದಲು, ಗೆರೆ ಎಂದು ಏನೇನೋ ಹೇಳತೊಡಗಿ ನಡುವೆ ನಿಂತಳು. 'ನನ್ನ ಪರೀಕ್ಷಾ ಕೆಡತಿತ್ತು' ಎಂದಳು. ದುರಗವ್ವ ಜೋಳದಲ್ಲಿ ಒಂದು ಹರಳು ಆರಿಸಿ ಬಿಸಾಡಿದಳು. ಇನ್ನೊಂದು ಆರಿಸಿದಳು. ಬೈಯುತ್ತಾಳೆ, ಬೈದರೆ ಒಳ್ಳೆಯದು, ಎದ್ದು ಹೋಗೆನ್ನಲಿ, ಎಂದು ದ್ರಾಕ್ಷಾಯಿಣಿ ಕಾದಳು. 'ಅವನ ಮುಂದೂ ಹೇಳಿ ಹೋಗ್ತೇನಿ' ಎಂದಳು, ತಡೆಯಲಾರದೆ.

'ಬ್ಯಾಡ' ಎಂದಳು ದುರಗವ್ವ. ದನಿ ಏರಿರಲಿಲ್ಲ. 'ಹೇಳಿದ್ರ ನಿಮಗ ಹಗುರ ಆಗತೈತಿ. ಅವಂಗ? ಇಷ್ಟು ಮಂದ್ಯಾಗ ಒಬ್ಬಾಕಿ ನನ್ನ ಪರವಾಗಿ ಮಾತಾಡಿದ್ಲು ಅಂತ ತಿಳಕೊಂಡಾನ. ಕುಡದಾಗೂ ಅದನ್ನ ಹೇಳತಿದ್ದ. ಮಗಳಿಗೆ ಅಕ್ಕಾರಂಗ ಕಲಿ, ಅಕ್ಕಾರಂಗ ಆಗು ಅಂತ ಜೀವ ತಿಂತಾನ. ಅವನ ಕಡೆ ಉಳದದ್ದು ಅದೊಂದ. ಇನ್ನೊಂದು ತಿಂಗಳೋ, ಎರಡು ತಿಂಗಳೋ. ಅದನ್ನ ಅವಂಗ ಬಿಡ್ರಿ. ನಿಮ್ಮ ಭಾರ ನೀವ ಹೊರ್ರಿ.' ಮೊರ ಮತ್ತೆ ಆಡತೊಡಗಿತು. ದ್ರಾಕ್ಷಾಯಿಣಿಯ ಚಹಾ ಆರಿ ಕೆನೆಗಟ್ಟದ ಕರಿ ನೀರಾಗಿತ್ತು. ಕುಡಿಯಬೇಕೋ ಬಿಡಬೇಕೋ ತಿಳಿಯದೆ ಕುಡಿದಳು.

ಒಳಗಿನಿಂದ 'ಅಕ್ಕಾರು ಹೋದ್ರೇನು?' ಎಂಬ ದನಿ ಬಂತು. ದ್ರಾಕ್ಷಾಯಿಣಿ ಒಳಗೆ ಹೋಗಿ ಗೋಡೆಗೆ ಒರಗಿ ಕೂತಳು. ಅದೇ ಹೊತ್ತಿಗೆ ಬೆನ್ನ ಮೇಲೆ ಪಾಟಿಚೀಲ ಹೊತ್ತ ಹುಡುಗಿಯೊಬ್ಬಳು ಓಡಿಬಂದು, ಅಪರಿಚಿತಳನ್ನು ಕಂಡು ಹೊಸ್ತಿಲಲ್ಲಿ ತಡೆದು ನಿಂತಳು. ಅಪ್ಪನ ಕಡ್ಡಿ ಮೈ, ಅಪ್ಪನ ಕಾಲು. ಓಡಿದ ರಭಸಕ್ಕೆ ಅವಳ ಎದೆ ಪಕಪಕ ಎದ್ದು ಬೀಳುತ್ತಿತ್ತು. ದುರಗವ್ವ ಎದ್ದು ಬಂದು ಬಾಗಿಲ ತೋಳಿಗೆ ಒರಗಿದಳು. ಅವಳ ಸೊಂಟದ ಮೇಲೆ ಮೊರವಿತ್ತು, ಕಣ್ಣು ದ್ರಾಕ್ಷಾಯಿಣಿಯ ಬಾಯಿಯ ಮೇಲಿತ್ತು.

'ಭಾಗ್ಯಾ, ಇವರ ನೋಡ' ಎಂದ ಹುಚ್ಚಪ್ಪ. ಮುಖದಲ್ಲಿ ಎಲ್ಲಿಂದಲೋ ಬೆಳಕು ಬಂದಿತ್ತು. 'ನಾ ಹೇಳತಿದ್ದೆನಲ್ಲ? ಎಲ್ಲಾರೂ ಒಂದಾಗಿ ನಿಮ್ಮಪ್ಪನ ಹೊರಗ ಹಾಕಿದಾಗ ಗೇಟಿಗೆ ನಿಂತು ಹೇಳ್ತೇನಿ ಅಂದವರು ಇವರೊಬ್ಬರ. ಪಾದಕ್ಕ ಬೀಳು.'

ಹುಡುಗಿ ಚೀಲ ಕೆಳಗಿಟ್ಟು ಬಾಗಿದಳು. ದ್ರಾಕ್ಷಾಯಿಣಿ ಕಾಲು ಹಿಂದೆ ತೆಗೆಯಬೇಕೆಂದುಕೊಂಡಳು. ಹಿಂದೆ ಗೋಡೆಯಿತ್ತು, ಮೈಯೂ ಅಷ್ಟು ಬೇಗ ಏಳುವ ಮೈಯಲ್ಲ. ಎರಡು ಸಣ್ಣ, ಬಿಸಿ ಕೈಗಳು ಅವಳ ಪಾದ ಮುಟ್ಟಿದವು. ಅವಳು ಬಗ್ಗಿ ಆ ತಲೆಯ ಮೇಲೆ ಕೈಯಿಟ್ಟಳು. 'ಛಲೋ ಓದು' ಎಂದಳು. ಆ ದಿನ ಗೇಟಿನ ಹತ್ತಿರ 'ಹೇಳ್ತೇನಿ' ಎಂದಿದ್ದಳಲ್ಲ, ಅದೇ ದನಿಯಲ್ಲಿ, ಅಷ್ಟೇ ಸಲೀಸಾಗಿ.